ಗೇರಿನ ದೋಷವನ್ನು ಸವಾರಳ ತಲೆಗೆ ಕಟ್ಟಲೊಪ್ಪದ ಮೇಷ್ಟ್ರು

ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ ಮೋಟಾರ್‌ಸೈಕಲ್ಲಿನ ಎಂಜಿನ್ ಬಿಚ್ಚಬಲ್ಲವರು ಬೀದಿಗೊಬ್ಬರಿದ್ದಾರೆ. ಬಿಚ್ಚುವ ಮೊದಲು ಸವಾರರ ಮಾತನ್ನು ಪೂರ್ತಿ ಕೇಳಬೇಕೆಂದು ಕಲಿಸಿದವರು, ನಾನು ಬಲ್ಲಂತೆ, ಐಟಿಐ ಬೋಧಕರಾದ ಶ್ರೀ ಲಕ್ಷ್ಮೀನರಸಪ್ಪನವರೊಬ್ಬರೇ. ರಾಯದುರ್ಗದಲ್ಲಿ ಸೇವೆ ಆರಂಭಿಸಿ ಮಡಕಶಿರಾದಲ್ಲಿ ನಿವೃತ್ತರಾಗುತ್ತಿರುವ ಈ ಹಿರಿಯರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಬೇಕೆಂದು ಈ ಬೀಳ್ಕೊಡುಗೆ ಸಂಪುಟದ ಸಂಪಾದಕರು ಕೇಳಿದ್ದಾರೆ. ಬರೆಯುತ್ತೇನೆ. ಆದರೆ ಅವರಿಗಾದ ಅನ್ಯಾಯವನ್ನು ಬಿಟ್ಟು ಹೊಗಳಿದರೆ, ಅದು ಹಾರ ಹಾಕಿ ಬಾಯಿ ಮುಚ್ಚಿಸಿದಂತೆ.

ನಾನು ಮತ್ತು ಹೇಮಾ, 'ಭೂಮಿಕಾ' ಹೈನು ಸಂಘದ ಪಶು ಸಹಾಯಕಿಯರು. ಗುಡಿಬಂಡೆಯ ಸುತ್ತಿನ ಹಳ್ಳಿಗಳಿಗೆ ಹೋಗಲು ಸಂಘ ನಮಗೆ ಒಂದೊಂದು ಮೋಟಾರ್‌ಸೈಕಲ್ ಕೊಟ್ಟಿತ್ತು. ಒಮ್ಮೆ ಸಂಘದ ಶೆಡ್ಡಿನಲ್ಲಿ ಸರ್ವೀಸ್ ಆದ ಮೇಲೆ ಎರಡೂ ಗಾಡಿಗಳ ನಡೆ ಕೆಟ್ಟಿತು. ಬೆಳಗಿನ ಹೊತ್ತು ಗೇರು ಬಿಗಿ, ನ್ಯೂಟ್ರಲ್ ಸಿಗದು, ಕ್ಲಚ್ ಪೂರ್ತಿ ಹಿಡಿದರೂ ಗಾಡಿ ಮುಂದಕ್ಕೆ ಜಗ್ಗುವುದು. ಹೇಳಿದೆವು. ವ್ಯವಸ್ಥಾಪಕ ರಂಗನಾಥ್ ನಕ್ಕರು. ಒಂದು ಬೆಳಿಗ್ಗೆ, ಕರು ಹಾಕಲಾರದೆ ನರಳುತ್ತಿದ್ದ ಈಶ್ವರಮ್ಮನ ಹಸುವನ್ನು ನೋಡಲು ಹೊರಟ ಹೇಮಾ, ಅಡ್ಡಬಂದ ಕುರಿಮಂದೆಗೆಂದು ಕ್ಲಚ್ ಹಿಡಿದು ನಿಂತಾಗ, ಗಾಡಿ ಎಗರಿ ಅವಳನ್ನು ಮೋರಿಗೆ ಕೆಡವಿತು. ಮಣಿಕಟ್ಟು ಮುರಿಯಿತು. ಹಸು, ಕರು ಎರಡೂ ಉಳಿಯಲಿಲ್ಲ.

ರಂಗನಾಥ್ ಆಸ್ಪತ್ರೆಯ ಕಡೆ ತಲೆಹಾಕಲಿಲ್ಲ. ಸಭೆ ಕರೆದು, "ಹೆಂಗಸ್ರಿಗೆ ಗೇರಿನ ಗಾಡಿ ಕೊಟ್ಟಿದ್ದೇ ತಪ್ಪಾಯ್ತು," ಎಂದು ನಮ್ಮ ಕೀಲಿಕೈ ಕಿತ್ತುಕೊಂಡರು. ವರ್ಷಗಟ್ಟಲೆ ಅದೇ ಗಾಡಿ ಓಡಿಸಿದ ಹೇಮಾಳನ್ನು ಕೆಲಸದಿಂದ ತೆಗೆಯುವ ಮಾತೂ ಆಯಿತು.

ನಾನು ಐಟಿಐಗೆ ಹೋಗಿ ಲಕ್ಷ್ಮೀನರಸಪ್ಪ ಮೇಷ್ಟ್ರನ್ನು ಕಂಡೆ. ಮೇಷ್ಟ್ರಿಗೆ ನನ್ನ ಪರಿಚಯವೇ ಇರಲಿಲ್ಲ. ಕುಳ್ಳಿರಿಸಿ ಎಲ್ಲವನ್ನೂ ಕೇಳಿ, "ಎಂಜಿನ್ ಬಿಸಿ ಆದ ಮ್ಯಾಲೆ ಗೇರು ಸ್ವಲ್ಪ ಸಡಿಲ ಆಗ್ತದೇನಮ್ಮ?" ಎಂದರು. ಹೌದೆಂದೆ.

ಮರುದಿನ ಸಂಘದ ಅಂಗಳಕ್ಕೇ ಬಂದರು. ಕ್ಲಚ್ ಕೇಬಲ್ ಸರಿಯಿತ್ತು. ಗೇರ್ ಪೆಡಲ್ ಸರಿಯಿತ್ತು. ಎಂಜಿನ್ನಿನ ಅಡಿಯ ಬೋಲ್ಟ್ ಬಿಚ್ಚಿದಾಗ ಇಳಿದ ಎಣ್ಣೆ ಕಾಕಂಬಿಯಷ್ಟು ಮಂದವಾಗಿತ್ತು. ಟ್ರಾಕ್ಟರಿನ ಗೇರುಪೆಟ್ಟಿಗೆಗೆಂದು ತರಿಸಿದ ಎಣ್ಣೆ ಡ್ರಮ್ಮಿನಿಂದಲೇ ನಮ್ಮ ಗಾಡಿಗಳಿಗೂ ಸುರಿದಿದ್ದರು.

"ಕ್ಲಚ್ ಪ್ಲೇಟು ಈ ಎಣ್ಣಿಯೊಳಗ ಇರ್ತಾವ್ರಿ," ಎಂದರು ಮೇಷ್ಟ್ರು. "ಇಷ್ಟು ದಪ್ಪ ಎಣ್ಣಿ ಹಾಕಿದ್ರ ಒಂದನ್ನೊಂದು ಬಿಡೋದಿಲ್ಲ. ಕಾರಿನ ಎಣ್ಣಿ ಹಾಕಿದ್ರ ಜಾರಬಹುದು. ಗಾಡಿ ಪುಸ್ತಕದಾಗ ಹೇಳಿದ ಗ್ರೇಡು, ಅದೂ ಮೋಟಾರ್‌ಸೈಕಲ್ಲಿಗೆ ಮಾಡಿದ್ದೇ ಹಾಕಬೇಕು."

"ಎಣ್ಣೆ ಎಲ್ಲಾ ಒಂದೇ ಸಾರ್. ನಮ್ ಸಂಘದ ವಿಷ್ಯ ನಿಮಗ್ಯಾಕೆ?" ಎಂದರು ರಂಗನಾಥ್.

"ಒಂದೇ ಅಂದ್ರ ಇದನ್ನೇ ಮತ್ತ ಹಾಕ್ತೀನಿ. ಆಕಿ ಬಿದ್ದ ಜಾಗದ ತನಕ ನೀವೇ ಹೋಗಿ ಬರ್ರಿ."

ರಂಗನಾಥ್ ಗಾಡಿ ಹತ್ತಲಿಲ್ಲ. ಐಟಿಐನ ಮೇಲಿನವರಿಗೆ ದೂರು ಕೊಟ್ಟರು. ಪರರ ವ್ಯವಹಾರದಲ್ಲಿ ಕೈಹಾಕಿದರೆಂದು ಮೇಷ್ಟ್ರ ಬಡ್ತಿಯನ್ನು ತಡೆಹಿಡಿಯಲಾಯಿತು. ಕ್ಷಮಾಪಣೆ ಕೇಳಿದರೆ ಮುಗಿಯಿತು ಎಂದವರಿಗೆ ಅವರು, "ಕೈ ಮುರಿದಿದ್ದು ಆ ಹುಡುಗೀದು. ಮೊದಲು ಆಕೀ ಕ್ಷಮಾ ಕೇಳ್ರಿ, ಆಮ್ಯಾಲೆ ನನ್ನ ಸುದ್ದಿ," ಎಂದರಂತೆ.

ನಮಗೆ ನ್ಯಾಯ ಕೊಟ್ಟವರು ಹಾಲು ಹಾಕುವ ಹೆಂಗಸರು. ಈಶ್ವರಮ್ಮ ಎಲ್ಲರನ್ನೂ ಕರೆತಂದು ಸಂಘದ ಬಾಗಿಲಲ್ಲಿ ನಿಂತು, "ನನ್ ಹಸ ಕೊಂದಿದ್ದು ಹೇಮಾ ಅಲ್ಲ ಕಣಪ್ಪ, ನಿನ್ ಡ್ರಮ್ಮು. ಕೀಲಿಕೈ ಕೊಡೋಗಂಟ ಹಾಲಿಲ್ಲ," ಎಂದಳು. ಕೀಲಿಕೈ ಬಂತು, ಸರಿಯಾದ ಎಣ್ಣೆಯೂ ಬಂತು, ಹೇಮಾಳ ಕೆಲಸ ಉಳಿಯಿತು. ಮೇಷ್ಟ್ರ ಬಡ್ತಿ ಮಾತ್ರ ಬರಲಿಲ್ಲ. ಸೇರಿದ ಹುದ್ದೆಯಲ್ಲೇ ಅವರು ನಿವೃತ್ತರಾಗುತ್ತಿದ್ದಾರೆ. ಹೇಮಾಳ ಕ್ಷಮೆಯನ್ನು ಇಂದಿಗೂ ಯಾರೂ ಕೇಳಿಲ್ಲ. ಇದೇ ಸಂಪುಟಕ್ಕೆ ರಂಗನಾಥ್ ಶುಭಾಶಯ ಕಳುಹಿಸಿದ್ದಾರೆಂದು ಕೇಳಿದೆ. ಓದುಗರು ಅದನ್ನೂ ಓದಲಿ.

ಮೇಷ್ಟ್ರೇ, ನೀವು ನೂರು ವರ್ಷ ಬಾಳಬೇಕು. ವಿಶ್ರಾಂತಿ ಪಡೆಯಿರೆಂದು ಮಾತ್ರ ನಾನು ಹಾರೈಸಲಾರೆ. ಬೆಳುಗುಪ್ಪದ ಸಹಾಯಕಿಯರು ಗಾಡಿ ಕೆಲಸ ಕಲಿಯಲು ನಿಮ್ಮ ದಾರಿ ಕಾಯುತ್ತಿದ್ದಾರೆ. ನಿಮ್ಮ ಕೈ ಗಟ್ಟಿಯಾಗಿರಲಿ. ನಿಮ್ಮ ಸಿಟ್ಟು ಎಂದೂ ಆರದಿರಲಿ.

— ಉಷಾರಾಣಿ, ಪಶು ಸಹಾಯಕಿ, ಮಡಕಶಿರಾ