ಮೊದಲ ಚೊಂಬು ಕಾಲಿಗೆ

ಡಾಕ್ಟರಮ್ಮನ ಬಲಗೈಯ ಬೆರಳ ತುದಿಗಳು ಯಾವಾಗಲೂ ಕೆಂಪಗಿರುತ್ತಿದ್ದವು. ಗೋರಂಟಿ ಹಚ್ಚಿಕೊಂಡಿದ್ದಾರೆ ಎಂದು ಮೊದಲ ಸಲ ನೋಡಿದಾಗ ಅಂದುಕೊಂಡೆ. ಗೋರಂಟಿಯಲ್ಲ. ಕಂಡವರ ಮನೆಯ ಬಚ್ಚಲಿಗೆ ಹೋಗಿ, ಹಂಡೆಯ ನೀರಿಗೆ ಥರ್ಮಾಮೀಟರು ಬಿಡುವ ಮುಂಚೆ ತಾವೇ ಕೈ ಅದ್ದಿ ನೋಡುವುದು ಅವರ ಅಭ್ಯಾಸ. “ಇದು ಡಿಗ್ರಿ ಹೇಳುತ್ತೆ. ಸುಡುತ್ತೋ ಇಲ್ಲವೋ ಅಂತ ಕೈಯೇ ಹೇಳ್ಬೇಕು” ಎನ್ನುತ್ತಿದ್ದರು.

ಅವರು ಮೆದುಳಿನ ಡಾಕ್ಟರು. ಫಿಟ್ಸ್ ಕಾಯಿಲೆಯ ಒಂದೇ ಒಂದು ಬಗೆಯನ್ನು ಹಿಡಿದು ಜೀವಮಾನವಿಡೀ ಸಂಶೋಧನೆ ಮಾಡಿದವರು. ಅದು ತಲೆಗೆ ಬಿಸಿನೀರು ಬಿದ್ದಾಗ ಬರುವ ಫಿಟ್ಸ್. ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಅದು ಅಪರೂಪವಲ್ಲ. ಕಬ್ಬಿನ ತರಗು ಉರಿಸಿ ಹಂಡೆ ಕಾಯಿಸಿ, ಹಬೆಯಾಡುವ ನೀರನ್ನು ಚೊಂಬಿನ ಮೇಲೆ ಚೊಂಬು ನೆತ್ತಿಗೆ ಹುಯ್ದರೇ ನಮಗೆ ತಲೆಸ್ನಾನ ಮಾಡಿದ ಹಾಗೆ. ಬೆಂಗಳೂರಿನ ದೊಡ್ಡ ಆಸ್ಪತ್ರೆ ಬಿಟ್ಟು ಮಂಡ್ಯಕ್ಕೆ ಯಾಕೆ ಬಂದಿರಿ ಎಂದರೆ, “ಹಂಡೆ ಇಲ್ಲಿದೆ. ನಾನು ಅಲ್ಲಿ ಕೂತು ಏನು ಮಾಡ್ಲಿ?” ಎಂದು ಮರುಪ್ರಶ್ನೆ ಹಾಕುತ್ತಿದ್ದರು.

ನಮ್ಮದು ಕೊತ್ತತ್ತಿ. ಪಿಯುಸಿ ಮುಗಿಸಿದ್ದೆ. ಮಂಡ್ಯದಲ್ಲಿ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತ್ತು. ಹಾಸ್ಟೆಲಿನಲ್ಲಿರಬೇಕಿತ್ತು. ಅಷ್ಟರಲ್ಲಿ ಫಿಟ್ಸ್ ಬಂದು ಮತ್ತೊಮ್ಮೆ ಬಚ್ಚಲಲ್ಲಿ ಬಿದ್ದೆ. ಎಚ್ಚರವಾದಾಗ ಕೈಯಲ್ಲಿ ಫಿಟ್ಸ್ ನಿಲ್ಲಲೆಂದು ಯಾರೋ ಹಿಡಿಸಿದ್ದ ಬೀಗದ ಕೈಗೊಂಚಲು ಇತ್ತು, ಸುತ್ತ ಅಕ್ಕಪಕ್ಕದವರಿದ್ದರು. ಅಪ್ಪ ಒಂದೇ ಮಾತು ಹೇಳಿದರು: “ಓದೋದೂ ಬ್ಯಾಡ, ಗೀದೋದೂ ಬ್ಯಾಡ. ಆಸ್ಟ್ಲಲ್ಲಿ ಬಿದ್ರೆ ಎತ್ತೋರು ಯಾರವ್ರೆ?”

ಊರಿನ ಆರೋಗ್ಯ ಕೇಂದ್ರಕ್ಕೆ ಬಂದಿದ್ದ ಡಾಕ್ಟರಮ್ಮ ಈ ಸುದ್ದಿ ಕೇಳಿ ನೇರ ನಮ್ಮ ಮನೆಗೆ ಬಂದರು. ಬಂದವರು ನನ್ನ ನಾಡಿ ಹಿಡಿಯಲಿಲ್ಲ. ಬಚ್ಚಲಿಗೆ ಹೋಗಿ ಹಂಡೆಗೆ ಕೈ ಹಾಕಿದರು, ಆಮೇಲೆ ಥರ್ಮಾಮೀಟರು. ಅಮ್ಮನಿಗೆ ತಡೆಯಲಾಗಲಿಲ್ಲ.

“ಅದ್ಯಾಕ್ರವ್ವ, ನೀರ್ಗೂ ಜರ ಬಂದದಾ?”

“ಬಂದಿದೆ ಕಣಮ್ಮ. ನಿನ್ನ ಮಗಳು ಚೆನ್ನಾಗಿದ್ದಾಳೆ, ಜ್ವರ ಬಂದಿರೋದು ನಿನ್ನ ಹಂಡೆಗೆ.”

ಆಮೇಲೆ ಅಮ್ಮನನ್ನು ಕಾಫಿಗೆ ಕಳಿಸಿ, ನನ್ನನ್ನು ನೀರೊಲೆಯ ಪಕ್ಕ ಕೂರಿಸಿಕೊಂಡು ಮೆಲ್ಲಗೆ ಕೇಳಿದರು: “ಬೀಳೋಕೆ ಮುಂಚೆ ಹೇಗಿರುತ್ತೆ? ಹಿತವಾಗಿರುತ್ತಾ? ಇನ್ನೂ ಹುಯ್ಕೋಬೇಕು, ನಿಲ್ಲಿಸೋಕೇ ಆಗಲ್ಲ ಅನ್ನಿಸುತ್ತಾ?”

ನಾನು ತಲೆ ತಗ್ಗಿಸಿದೆ. ಇದನ್ನು ಯಾರಿಗೂ ಹೇಳಿರಲಿಲ್ಲ. ನೀರು ಬೀಳುತ್ತಾ ಬೀಳುತ್ತಾ ಕಿವಿಯೊಳಗೆ ಗುಂಯ್ ಎನ್ನುತ್ತಿತ್ತು. ಗೋಡೆ ದೂರ ಸರಿಯುತ್ತಿತ್ತು. ಹೇಳಲಾಗದಂಥ ಒಂದು ಸುಖ. ಅಮ್ಮ ಹುಯ್ದು ಆಚೆ ಹೋದ ಮೇಲೂ ಕೈ ತನ್ನಷ್ಟಕ್ಕೆ ತಾನೇ ಚೊಂಬು ಅದ್ದಿ ಅದ್ದಿ ಹುಯ್ಯುತ್ತಿತ್ತು, ನಾನಲ್ಲ. ಬೇಕೆಂದೇ ಬೀಳುತ್ತಿದ್ದೇನೇನೋ ಎಂಬ ಭಯ ನನಗಿತ್ತು.

“ನಾಚ್ಕೋಬೇಡ. ಅದು ನಿನ್ನ ಆಸೆ ಅಲ್ಲ, ಫಿಟ್ಸ್ ಶುರುವಾಗೋದೇ ಹಾಗೆ. ಬಹಳ ಜನಕ್ಕೆ ಆಗುತ್ತೆ. ಯಾರೂ ಬಾಯಿ ಬಿಡಲ್ಲ.”

ಬಹಳ ಜನ. ಅಲ್ಲಿಯವರೆಗೆ ಈ ಭೂಮಿಯ ಮೇಲೆ ಹೀಗಿರುವವಳು ನಾನೊಬ್ಬಳೇ ಎಂದುಕೊಂಡಿದ್ದೆ.

ಅಮ್ಮ ಕಾಫಿ ತಂದಾಗ ಡಾಕ್ಟರಮ್ಮ ಆಗಲೇ ಬಚ್ಚಲ ಕಲ್ಲಿನ ಮೇಲೆ ಕೂತು ಜಡೆ ಬಿಚ್ಚಿದ್ದರು.

“ಇವಳಿಗೆ ಹೇಗೆ ಹುಯ್ತೀಯೋ ನನಗೂ ಹಾಗೇ ಹುಯ್ಯಿ.”

“ಅಯ್ಯೋ, ಸೀರೆ ನೆಂದೋಯ್ತದೆ ಕಣ್ರವ್ವ!”

“ನೆನೀಲಿ ಬಿಡು. ಕಣ್ಣಾರೆ ನೋಡ್ದೆ ನಂಗೆ ಏನೂ ಗೊತ್ತಾಗಲ್ಲ.”

ಮೊದಲ ಚೊಂಬನ್ನು ಅಮ್ಮ ದೇವರಿಗೆ ಅಭಿಷೇಕ ಮಾಡಿದ ಹಾಗೆ ಹೆದರಿ ಹೆದರಿ ಹುಯ್ದರು. ಆಮೇಲೆ ಕೈ ಹಳೆಯ ಓಟಕ್ಕೆ ಬಿತ್ತು. ಒಂದರ ಹಿಂದೆ ಒಂದು, ಬಿಡುವೇ ಇಲ್ಲ. ಆ ಭರದಲ್ಲಿ ಅಮ್ಮನ ಬಾಯಿಂದ, ನನಗೆ ಹೇಳುತ್ತಿದ್ದ ಹಾಗೇ, ಬಂದುಬಿಟ್ಟಿತು: “ಕಣ್ಣು ಮುಚ್ಕೊ ಮಗ.”

ಅಮ್ಮ ನಾಲಿಗೆ ಕಚ್ಚಿಕೊಂಡರು. ಡಾಕ್ಟರಮ್ಮ ಅಮ್ಮನಿಗಿಂತ ದೊಡ್ಡವರು. ಆದರೆ ಅವರು ಕಣ್ಣು ಮುಚ್ಚಿದರು. ನೀರು ನಿಂತಿತು, ಅವರು ಏಳಲಿಲ್ಲ. ಮೊಣಕಾಲು ತಬ್ಬಿಕೊಂಡು, ಗಲ್ಲದಿಂದ ನೀರು ತೊಟ್ಟಿಕ್ಕುತ್ತಿದ್ದರೂ ಸುಮ್ಮನೆ ಕೂತಿದ್ದರು. ಅಮ್ಮ, ನಾನು ಮುಖ ಮುಖ ನೋಡಿಕೊಂಡೆವು.

ಕೊನೆಗೆ ಕಣ್ಣು ಬಿಟ್ಟು, “ಉಸಿರಾಡೋಕೂ ಬಿಡ್ಲಿಲ್ವಲ್ಲಮ್ಮ ನೀನು” ಎಂದು ನಕ್ಕರು. ಆಮೇಲೆ ಪಾಠ. ನೀರು ಉಗುರುಬೆಚ್ಚಗಿರಬೇಕು. ಮೊದಲ ಚೊಂಬು ಕಾಲಿಗೆ, ಆಮೇಲೆ ಹೆಗಲಿಗೆ, ಕೊನೆಯಲ್ಲಿ ತಲೆಗೆ, ಅದೂ ಬಿಟ್ಟು ಬಿಟ್ಟು. ಬಚ್ಚಲ ಬಾಗಿಲಿಗೆ ಚಿಲಕ ಹಾಕಕೂಡದು. ಆಚೆ ಒಬ್ಬರು ನಿಂತು ಮಾತಾಡುತ್ತಿರಬೇಕು. ತಲೆಸ್ನಾನಕ್ಕೆ ಮುಂಚೆ ಒಂದು ಸಣ್ಣ ಮಾತ್ರೆ. ಅಪ್ಪನಿಗೆ, “ಹಾಸ್ಟೆಲಲ್ಲಿ ಬಿದ್ರೆ ಎತ್ತೋಕೆ ನಾನಿದ್ದೀನಿ, ಕಳಿಸಿ” ಎಂದು, ಅಮ್ಮನ ಸೀರೆಯುಟ್ಟು ಬಸ್ಸು ಹತ್ತಿದರು.

ಅವರು ಹೋದ ಮೇಲೆ ಅಮ್ಮ ಒದ್ದೆ ಬಚ್ಚಲು ನೋಡುತ್ತಾ ಹೇಳಿದರು: “ಆವಮ್ಮನ ತಲೆಗೆ ಯಾರಾದ್ರೂ ನೀರು ಉಯ್ದು ಬೋ ಕಾಲ ಆಗ್ಯದೆ ಕಣೆ. ಮಗೀನಂಗೆ ಕೂತಿದ್ಲು.”

ಹಾಸ್ಟೆಲಿನ ಬಚ್ಚಲ ಮುಂದೆ ನಿಂತು ಮಾತಾಡುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಹಾಗಾಗಿ ಭಾನುವಾರ ತಲೆಸ್ನಾನಕ್ಕೆ ಡಾಕ್ಟರಮ್ಮನ ಮನೆಗೇ ಹೋಗುತ್ತಿದ್ದೆ. ಬಾಗಿಲ ಆಚೆ ಕುರ್ಚಿ ಹಾಕಿಕೊಂಡು ಕೂತು ಮೆದುಳಿನ ವಿಷಯ ಹೇಳುತ್ತಿದ್ದರು. ನಡುನಡುವೆ “ಇದ್ದೀಯಾ?” ಎನ್ನುವರು. ನಾನು “ಇದ್ದೀನಿ” ಎನ್ನಬೇಕು.

“ಒಂದು ಚೊಂಬು ನೀರು ನೆತ್ತಿ ಮೇಲೆ ಬಿದ್ರೆ ಒಳಗೆ ಏನಾಗುತ್ತೆ ಅಂತ ಇಷ್ಟು ವರ್ಷ ಕೇಳ್ತಾ ಬಂದಿದ್ದೀನಿ. ಬಿಸಿಯಿಂದಲೋ, ಬೀಳೋ ರಭಸದಿಂದಲೋ? ಸಾವಿರ ಜನ ಹುಯ್ಕೊಂಡು ಎದ್ದು ಹೋಗ್ತಾರೆ, ಒಬ್ಬಳು ಬೀಳ್ತಾಳೆ. ಯಾಕೆ? ಅರ್ಧ ಗೊತ್ತಾಗಿದೆ. ಇನ್ನರ್ಧಕ್ಕೆ ನಾನು ಸಾಲಲ್ಲ. ಇದ್ದೀಯಾ?”

“ಇದ್ದೀನಿ.”

ಒಂದು ಭಾನುವಾರ ತಲೆ ಒರೆಸಿಕೊಳ್ಳುತ್ತಾ ಕೇಳಿದೆ: “ನೀವು ಸ್ನಾನ ಮಾಡೋವಾಗ ಆಚೆ ಯಾರಿರ್ತಾರೆ?”

“ನಂಗೆ ಫಿಟ್ಸ್ ಬರಲ್ವಲ್ಲಮ್ಮ” ಎಂದರು. ಕುರ್ಚಿಯನ್ನು ಗೋಡೆಗೆ ಸರಿಸಿದ ಮೇಲೆ, ನನ್ನ ಕಡೆ ನೋಡದೆ ಹೇಳಿದರು: “ಬಂದ್ರೂ ಗೊತ್ತಾಗೋದಿಲ್ಲ. ನೋಡಿ ಹೇಳೋಕೆ ಒಬ್ಬರು ಬೇಕಲ್ಲ.”

ನನಗೆ ಫಿಟ್ಸ್ ನಿಂತಿತು. ಯಲಿಯೂರಿನ ಶಾಲೆಯಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು. ಭಾನುವಾರಗಳು ಹಬ್ಬಕ್ಕೊಂದು ಭೇಟಿಯಾಗಿ, ಆಮೇಲೆ ಫೋನಾದವು. ನಿವೃತ್ತರಾದ ಮೇಲೂ ಅವರು ಥರ್ಮಾಮೀಟರು ಹಿಡಿದು ಕಿರುಗಾವಲಿನ ಕಡೆಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. “ಈಗೆಲ್ಲ ಗೀಜರ್ ಬಂದಿದೆ ಕಣೆ, ನೀರು ಇನ್ನೂ ಬಿಸಿ” ಎಂದು ಬೇಸರ ಪಡುತ್ತಿದ್ದರು.

ಹೋದ ವರ್ಷ ಅವರ ಪಕ್ಕದ ಮನೆಯವರು ಫೋನ್ ಮಾಡಿದರು. ಎದೆನೋವೆಂದು ಆಸ್ಪತ್ರೆಗೆ ಸೇರಿಸಿದ್ದರಂತೆ, ಉಳಿಯಲಿಲ್ಲವಂತೆ. ಅಮ್ಮನನ್ನು ಕರೆದುಕೊಂಡು ಹೋದೆ. ಮನೆಯಲ್ಲಿದ್ದವರು ದೂರದೂರಿಂದ ಬಂದ ಅವರ ತಮ್ಮ ಒಬ್ಬರೇ. ಮನೆಯ ಹೆಂಗಸರು ಯಾರೂ ಇರಲಿಲ್ಲ. “ಆಸ್ಪತ್ರೆಯವರೇ ಒರೆಸಿ ಕಳಿಸಿದ್ದಾರೆ, ನೇರ ತಗೊಂಡು ಹೋಗೋಣ” ಎಂದರು ತಮ್ಮ.

“ಒರ್ಸೋದು ಬ್ಯಾರೆ, ನೀರು ಉಯ್ಯೋದು ಬ್ಯಾರೆ ಕಣಪ್ಪ” ಎಂದು ಅಮ್ಮ ಸೆರಗು ಸಿಕ್ಕಿಸಿಕೊಂಡರು.

ಹಿತ್ತಲಿನಲ್ಲಿ ಮಲಗಿಸಿದರು. ಗೀಜರಿನ ನೀರು ಬಕೆಟ್ಟಿನಲ್ಲಿ ಬಂತು. ಅಮ್ಮ ಬೆರಳು ಅದ್ದಿದವರೇ ಕೈ ಹಿಂದೆಳೆದುಕೊಂಡರು. “ಬೋ ಬಿಸಿ ಅದೆ. ತಣ್ಣೀರು ಬೆರ್ಸು.” ಬೆರೆಸಿದೆ. ಆಮೇಲೆ ನಾನು ಮತ್ತು ಪಕ್ಕದ ಮನೆಯಾಕೆ ಬೆನ್ನು ತಿರುಗಿಸಿ ಸೀರೆಯೊಂದನ್ನು ಅಡ್ಡ ಹಿಡಿದು ನಿಂತೆವು.

ಮೊದಲ ಚೊಂಬು ಕಾಲಿಗೆ ಬಿದ್ದ ಸದ್ದು ಕೇಳಿತು. ಬಿಡುವು. ಹೆಗಲಿಗೆ. ಮತ್ತೆ ಬಿಡುವು. ಆಮೇಲೆ ಬಹಳ ಹೊತ್ತು ನೀರಿನ ಸದ್ದೇ ಇಲ್ಲ. ನಾನು ತಿರುಗಿ ನೋಡಲಿಲ್ಲ.

“ಕಣ್ಣು ಮುಚ್ಕೊ ಮಗ” ಎಂದರು ಅಮ್ಮ.

ನೀರು ಮೆಲ್ಲಗೆ ಬಿತ್ತು. ಆಚೆ ನಿಂತವರು ಮಾತಾಡುತ್ತಿರಬೇಕು ಎಂದು ಕಲಿಸಿದ್ದರು ಡಾಕ್ಟರಮ್ಮ. ಆಚೆ ನಿಂತಿದ್ದವಳು ನಾನು. “ಇದ್ದೀನಿ” ಎಂದೆ.