ಕಂಡಕ್ಟರಣ್ಣನ ಕಾಡಿನಲ್ಲೊಂದು ಹುತ್ತ

ಮೊನ್ನೆ ನಮ್ಮ ಗೇಟಿಗೆ ಹಸಿರು ಬಣ್ಣ ಬಳಿಸುವಾಗ ಟರ್ಪೆಂಟೈನ್ ವಾಸನೆ ಅಡುಗೆಮನೆಯವರೆಗೂ ಬಂತು. ಒಗ್ಗರಣೆ ಸೌಟನ್ನು ಕೆಳಗಿಟ್ಟು ಸುಮ್ಮನೆ ನಿಂತುಬಿಟ್ಟೆ. ಒಂದು ಕಾಲದಲ್ಲಿ ಪಕ್ಕದ ಮನೆಯಿಂದ ಈ ವಾಸನೆ ಬಂದರೆ ಕಂಡಕ್ಟರಣ್ಣ ಕಾಡು ಬರೆಯಲು ಕೂತಿದ್ದಾರೆ ಎಂದೇ ಅರ್ಥ…

ಉಡುಪಿ–ಕಾರ್ಕಳ ಬಸ್ಸಿನಲ್ಲಿ ಪ್ರಾಯವೆಲ್ಲ ಕಳೆದವರು. ಕೆಲಸ ಬಿಟ್ಟ ಮೇಲೆ, ಯಾರೂ ಕಲಿಸದೆಯೇ, ಬಸ್ಸಿಗೆ ಬಳಿದು ಉಳಿದ ಬಣ್ಣವನ್ನು ಗ್ಯಾರೇಜಿನಿಂದ ತಂದು ಪ್ಲೈವುಡ್ ಹಲಗೆಯ ಮೇಲೆ ಚಿತ್ರ ಬರೆಯತೊಡಗಿದರು. ಬರೆದದ್ದೆಲ್ಲ ಕಾಡೇ. ಒಂದೊಂದು ಎಲೆ ಹುಲಿಗಿಂತ ದೊಡ್ಡದು. ಹುಲಿಯ ಮುಖವೋ, ನಮ್ಮ ದಾರಿಯ ಬೆಕ್ಕಿನದ್ದು. ಎಲೆಗಳೂ ಕಾಡಿನವಲ್ಲ, ಅವರ ಅಂಗಳದ ಕ್ರೋಟನ್, ಕೆಸು, ಬಾಳೆ. ಬಂದವರೆಲ್ಲ "ಚಂದ ಉಂಟು" ಎಂದು ಚಾ ಕುಡಿದು ಹೋಗುತ್ತಿದ್ದರು.

ನಾನು ಹಾಗೆ ಹೋಗುವವಳಲ್ಲ. ನನ್ನದು ಹುಟ್ಟಾ ಸಂಶಯದ ಬುದ್ಧಿ. ಮೀನಿನವಳು ತಾಜಾ ಎಂದರೂ ಕಿವಿರು ಬಿಡಿಸಿ ನೋಡದೆ ಬುಟ್ಟಿಯಿಂದ ಎತ್ತುವುದಿಲ್ಲ. "ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ" ಎಂದು ಗಂಡ ತಮಾಷೆ ಮಾಡುವುದುಂಟು. ಮಾಡಲಿ.

ಆದರೆ ಆಗ ನಮ್ಮಲ್ಲಿ ತಮಾಷೆಯ ಕಾಲವಾಗಿರಲಿಲ್ಲ. ತಂಗಿಯನ್ನು ಕಾಪುವಿಗೆ ಮದುವೆ ಮಾಡಿಕೊಟ್ಟಿದ್ದೆವು. ಎರಡು ಸಲ ಬಸಿರು ನಿಲ್ಲಲಿಲ್ಲ. ಎರಡು ಸಲವೂ ಅದಾದದ್ದು ಅವಳು ವಿಶ್ರಾಂತಿಗೆಂದು ಸಂತೆಕಟ್ಟೆಯ ನಮ್ಮ ಮನೆಗೆ ಬಂದಾಗಲೇ. ಜೋಯಿಸರು ಕವಡೆ ಹಾಕಿ, "ನಿಮ್ಮ ಜಾಗದಲ್ಲಿ ನಾಗನ ಹುತ್ತ ಇದ್ದಿರಬೇಕು. ಯಾರೋ ಕೆಡವಿದ್ದಾರೆ. ನೆರೆಯವರಿಗೆ ಗೊತ್ತುಂಟು" ಎಂದರು. ಮೂರನೆಯ ಸಲ ಬಸಿರಾದ ತಂಗಿ ಫೋನಿನಲ್ಲಿ ಕೇಳಿದ್ದು ಒಂದೇ: "ಅಕ್ಕ, ನಾನು ಬರಲಾ, ಬೇಡವಾ?" ತಾಯಿಯಿಲ್ಲದ ಹುಡುಗಿ, ಇನ್ನೆಲ್ಲಿಗೆ ಹೋಗಬೇಕು?

ನಾವು ಮನೆ ಕಟ್ಟಿದ ಆ ಜಾಗವನ್ನು ನಮಗೆ ತೋರಿಸಿಕೊಟ್ಟವರೇ ಕಂಡಕ್ಟರಣ್ಣ. ನೆರೆಯವರೆಂದರೆ ಬೇರೆ ಯಾರು? ಮರುದಿನವೇ ಹೋದೆ. ಜಗಲಿಯ ಗೋಡೆಯಲ್ಲಿ ಹೊಸ ಚಿತ್ರವೊಂದು ತೂಗುತ್ತಿತ್ತು. ಎಲೆಗಳ ಸಂದಿಯಲ್ಲಿ ಡೊಂಕು ಗೇರುಮರ, ಥೇಟ್ ನಮ್ಮ ಹಿತ್ತಿಲಿನದ್ದು. ಅದರ ಬುಡದಲ್ಲಿ ಕಂದು ಬಣ್ಣದ ಗುಪ್ಪೆ. ಮೇಲೆ ಉರುಟು, ಕೆಳಗೆ ಅಗಲ. ಅಯ್ಯೋ ದೇವರೇ, ಹುತ್ತ! ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದೆ.

ಅವರು ಬ್ರಷ್ ಒರೆಸುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಕಂಡರು ನನಗೆ.

"ಇದು ಎಂತ, ಕಂಡಕ್ಟರಣ್ಣ?"

"ನನ್ನ ಅಮ್ಮ," ಎಂದರು.

ಸಿಟ್ಟೇ ಬಂತು. "ಅಮ್ಮನಿಗೆ ಕೈ ಇಲ್ಲ, ಕಾಲಿಲ್ಲ, ಮುಖವೂ ಇಲ್ವಾ?"

"ಗೊರಬು ಹಾಕಿ ಬಗ್ಗಿದ್ದಾಳೆ ಅಕ್ಕ, ಗದ್ದೆಯಲ್ಲಿ ನೇಜಿ ನೆಡುವುದು. ಮುಖ ಬಿಡಿಸಲಿಕ್ಕೆ ನನಗೆ ಬರುವುದಿಲ್ಲ."

"ಹುಲಿ ಇರುವ ಕಾಡಿನಲ್ಲಿ ನೇಜಿಯಾ?"

"ಗದ್ದೆಯೂ ಬರುವುದಿಲ್ಲ ಮಾರಾಯ್ರೆ. ಎಲೆ ಮಾತ್ರ ಬರುವುದು."

ಯಾರಾದರೂ ನಂಬುವ ಮಾತೇ ಇದು? "ನಮ್ಮ ಜಾಗದಲ್ಲಿ ಹುತ್ತ ಇತ್ತು ಎಂದಿದ್ದಾರೆ ಜೋಯಿಸರು. ತಂಗಿಯನ್ನು ಕರೆಸಲಾ ಬೇಡವಾ, ಅವಳ ಮಗುವಿನ ಪ್ರಶ್ನೆ ಇದು, ಮುಚ್ಚಿಡಬೇಡಿ" ಎಂದು ಸ್ವರ ಏರಿಸಿಯೇ ಹೇಳಿದೆ. ಅವರು ಬ್ರಷ್ ಕೆಳಗಿಟ್ಟರು. ಒಳಗೆ ಹೋಗಿ ಅಟ್ಟದಿಂದ ಹಳೆಯ ಗೊರಬೊಂದನ್ನು ಇಳಿಸಿ ತಂದರು. ಹಿಂದೆ ಮಳೆಯಲ್ಲಿ ಗದ್ದೆಗಿಳಿಯುವ ಹೆಂಗಸರು ತಲೆಯಿಂದ ಸೊಂಟದವರೆಗೆ ಹೊದೆಯುತ್ತಿದ್ದದ್ದು, ಬಿದಿರು ಮತ್ತು ಒಣ ಎಲೆಯಲ್ಲಿ ಹೆಣೆದದ್ದು. ಇಲಿ ಕಡಿದು ಅಲ್ಲಲ್ಲಿ ತೂತಾಗಿತ್ತು. ಆ ಪ್ರಾಯದಲ್ಲೂ ಅವರು ಅದನ್ನು ತಲೆಗೆ ಹಾಕಿಕೊಂಡು, ಮೊಣಕಾಲು ಹಿಡಿದುಕೊಂಡು, ಉರಿಬಿಸಿಲಿನ ಅಂಗಳದಲ್ಲಿ ನನಗೆ ಬೆನ್ನು ಹಾಕಿ ಬಗ್ಗಿದರು.

"ಈಗ ನೋಡಿ ಅಕ್ಕ," ಒಳಗಿನಿಂದ ಸ್ವರ ಬಂತು.

ನೋಡಿದೆ. ಕಂದು ಬಣ್ಣದ ಗುಪ್ಪೆ. ಮೇಲೆ ಉರುಟು, ಕೆಳಗೆ ಅಗಲ.

"ಸಣ್ಣದಿರುವಾಗ ನಮ್ಮ ಕೆಮ್ಮಣ್ಣು ಊರಿನಲ್ಲಿ ಗದ್ದೆಯ ಅಂಚಿನ ಹುಣಿ ಮೇಲೆ ಕೂತು ನಾನು ನೋಡ್ತಿದ್ದದ್ದು ಇಷ್ಟೇ. ಒಂದು ಫೋಟೋ ಇಲ್ಲ. ಮುಖ ಮರೆತೇಹೋಗಿದೆ. ನಿಮ್ಮ ಜಾಗದಲ್ಲಿ ಹುತ್ತ ಗಿತ್ತ ಎಂತದ್ದೂ ಇರಲಿಲ್ಲ, ತಂಗಿಯನ್ನು ಕರೆಸಿ."

"ಗೇರುಮರ ನಮ್ಮದೇ ಅಲ್ವಾ?" ಎಂದೆ. ಅಷ್ಟು ಸುಲಭದಲ್ಲಿ ಬಿಡುವವಳೇ ನಾನು?

"ಹೌದು. ನನ್ನ ಕಿಟಕಿಯಿಂದ ಕಾಣುವುದು ಅದೊಂದೇ ಮರ."

ತಂಗಿಯನ್ನು ಕರೆಸಿದೆ. ಪೂರ್ತಿ ನಂಬಿ ಅಲ್ಲ. ಜೋಯಿಸರ ಮಾತನ್ನೂ ಬಿಡದೆ ನಾಗನಿಗೆ ಹಾಲು, ಸೀಯಾಳ ಒಪ್ಪಿಸಿ ಬಂದ ಮೇಲೆಯೇ ಕರೆಸಿದ್ದು. ದಿನ ತುಂಬುವವರೆಗೂ ಅವಳು ಕೆಮ್ಮಿದರೆ ನಾನು ಬೆಚ್ಚುತ್ತಿದ್ದೆ, ಬೆಚ್ಚಿದಾಗಲೆಲ್ಲ ಪಕ್ಕದ ಮನೆಯ ಕಡೆ ಒಮ್ಮೆ ಕಣ್ಣು ಹೋಗುತ್ತಿತ್ತು. ಮಣಿಪಾಲದ ಆಸ್ಪತ್ರೆಯಲ್ಲಿ ಹೆಣ್ಣುಮಗು ಆಯಿತು. ನೋಡಲು ಬಂದ ಕಂಡಕ್ಟರಣ್ಣ ಮಗುವಿಗಿಂತ ಹೆಚ್ಚು ಹೊತ್ತು ತಾಯಿಯಾದ ತಂಗಿಯ ಮುಖವನ್ನು ನೋಡಿದರು. ಆಗ ಅದೂ ನನಗೆ ಸರಿ ಕಾಣಲಿಲ್ಲ…

ಅವರು ತೀರಿಕೊಂಡ ಮೇಲೆ, ಮನೆ ಖಾಲಿ ಮಾಡಿ ಮಗಳಲ್ಲಿಗೆ ಹೊರಟ ಅವರ ಹೆಂಡತಿ ಆ ಹಲಗೆಯನ್ನು ಎತ್ತಿಕೊಂಡು ನಮ್ಮಲ್ಲಿಗೆ ಬಂದರು.

"ನಿಮಗೇ ಕೊಡಬೇಕಂತೆ ಅಕ್ಕ. ಇದನ್ನು ಹತ್ತಿರ ಹೋಗಿ ನೋಡಿದ್ದು ನೀವೊಬ್ಬರೇ ಅಂತ ಯಾವಾಗಲೂ ಹೇಳ್ತಿದ್ದರು."

ಅಲ್ಲೇ ಬಾಗಿಲಲ್ಲಿ ನಿಂತು ಅತ್ತುಬಿಟ್ಟೆ. ಸ್ವಂತ ಅಣ್ಣ ಹೋದಷ್ಟು ದುಃಖವಾಯಿತು.

ಈಗ ಆ ಕಾಡು ನಮ್ಮ ಚಾವಡಿಯಲ್ಲಿ ಉಂಟು. ನಿನ್ನೆ ಧೂಳು ಒರೆಸುವಾಗ, ಆ ತಾಯಿಯ ಪಕ್ಕ ಕೆಸುವಿನ ಎಲೆಯಡಿ ಇನ್ನೊಂದು ಗುಪ್ಪೆ ಕಂಡಿತು. ಹೆಬ್ಬೆರಳಿನಷ್ಟು ಸಣ್ಣದು. ಪುಟ್ಟ ಮಗುವೊಂದು ಗೊರಬು ಹೊದ್ದು ಅಮ್ಮನ ಜೊತೆ ಬಗ್ಗಿದ ಹಾಗೆ. ಕಂಡಕ್ಟರಣ್ಣ ಹುಣಿಯ ಮೇಲೆ ಕೂತಿದ್ದರೆ ಇದು ಯಾರು? ಒಬ್ಬಳು ತಂಗಿ ಇದ್ದಳೇ? ಅವಳು ಏನಾದಳು? ನನಗೆ ಗೊತ್ತಿತ್ತು, ಈ ಮನುಷ್ಯ ಏನೋ ಒಂದನ್ನು ಮುಚ್ಚಿಟ್ಟೇ ಇದ್ದರು! ಕೇಳಿಯೇ ಬಿಡುವ ಎಂದು ಒರೆಸುವ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕಾಂಪೌಂಡಿನವರೆಗೆ ಹೋಗಿ, "ಕಂಡಕ್ಟರಣ್ಣಾ" ಎಂದು ಗಟ್ಟಿಯಾಗಿ ಕರೆದೆ.

ಅಂಗಳದಲ್ಲಿ ಬಟ್ಟೆ ಹರವುತ್ತಿದ್ದ ಹೊಸ ಬಾಡಿಗೆಯವರು ತಿರುಗಿ ನೋಡಿ, "ಯಾರು ಬೇಕಿತ್ತು?" ಎಂದು ಕೇಳಿದರು.