ಮೊದಲು ಬೆನ್ನು, ಆಮೇಲೆ ಚಿತ್ರ

ಸೂರ್ಯ ಇನ್ನೂ ಕೊಳದಾಚೆಯ ಮರಗಳ ಬುಡದಲ್ಲೇ ಇದ್ದಾನೆ. ಬರ್ಚ್ ಲ್ಯಾಂಡಿಂಗ್ ಊರಿನ ಡಿಸ್ಕ್ ಗಾಲ್ಫ್ ಮೈದಾನದಲ್ಲಿ, ಮೊದಲ ಎಸೆತದ ಕಟ್ಟೆಯ ಪಕ್ಕದ ಮರದ ಮೇಜಿನ ಮುಂದೆ ಐಲಾ ಕಿನ್ನುನೆನ್ ಕೂತಿದ್ದಾರೆ. ಕೈಗಳಿಗೆ ಬೆರಳ ತುದಿ ಕತ್ತರಿಸಿದ ಉಣ್ಣೆಯ ಗವಸು. ಬಣ್ಣದ ಮಾರ್ಕರುಗಳು ಮೇಜಿನ ಮೇಲಿಲ್ಲ. ಕೋಟಿನೊಳಗೆ, ಕಂಕುಳ ಬಿಸುಪಿನಲ್ಲಿವೆ. ಈ ಸೀಮೆಯಲ್ಲಿ ಬೇಸಿಗೆಯ ಬೆಳಗಿಗೂ ಚಳಿಯ ಹಲ್ಲು ಉದುರಿರುವುದಿಲ್ಲ. ಹೊರಗಿಟ್ಟ ಮಾರ್ಕರಿನಿಂದ ಶಾಯಿ ಇಳಿಯುವುದಿಲ್ಲ.

ಅವರ ಕೈಯಲ್ಲೊಂದು ಹಳದಿ ಡಿಸ್ಕ್. ಊಟದ ತಟ್ಟೆಗಿಂತ ಕಿರಿದಾದ, ಅಂಚು ದಪ್ಪಗಿರುವ ಪ್ಲಾಸ್ಟಿಕ್ಕು. ಅದರ ಮೇಲೆ ನೀರುಹಕ್ಕಿಯೊಂದನ್ನು ಬರೆದುಕೊಡಿ ಎಂದು ಯಾರೋ ಕೊಟ್ಟುಹೋಗಿದ್ದಾರೆ. ಐಲಾ ಅದರ ಮುಖ ನೋಡುವುದಿಲ್ಲ. ಮಗುಚಿ, ಬೆನ್ನನ್ನು ಓರೆ ಬಿಸಿಲಿಗೆ ಒಡ್ಡಿ, ಖೋಟಾ ನಾಣ್ಯವನ್ನು ಪರೀಕ್ಷಿಸುವವರಂತೆ ನಿಧಾನವಾಗಿ ತಿರುಗಿಸುತ್ತಾರೆ.

"ಹೊತ್ತು ಏರಿದ ಮೇಲೆ ಇದು ಕಾಣಲ್ಲ," ಎನ್ನುತ್ತಾರೆ. "ಸ್ಪಿರಿಟ್ ಹಾಕಿ ಎಷ್ಟೇ ಒರೆಸಲಿ, ಬರೆದ ಹೆಸರು ಪ್ಲಾಸ್ಟಿಕ್ ಒಳಗೆ ಇಳಿದಿರುತ್ತೆ. ಶಾಯಿ ಹೋಗುತ್ತೆ, ನೆರಳು ಹೋಗಲ್ಲ."

ಮರಗಳ ನಡುವೆ ಡಿಸ್ಕ್ ಎಸೆದು, ದೂರದ ಕಂಬಕ್ಕೆ ತೂಗುಬಿಟ್ಟ ಸರಪಳಿಗೆ ಬಡಿಸಿ ಬುಟ್ಟಿಗೆ ಬೀಳಿಸುವ ಆಟವಿದು. ಎಸೆದದ್ದೆಲ್ಲ ಬುಟ್ಟಿಗೆ ಬೀಳುವುದಿಲ್ಲ. ಪೊದೆ ನುಂಗುತ್ತದೆ, ಕೊಳ ನುಂಗುತ್ತದೆ. ಆದ್ದರಿಂದ ಆಟಗಾರರು ಡಿಸ್ಕಿನ ಬೆನ್ನಿಗೆ ತಮ್ಮ ಹೆಸರನ್ನೂ ಫೋನ್ ನಂಬರನ್ನೂ ಬರೆದಿಡುತ್ತಾರೆ. ಸಿಕ್ಕವರು ಫೋನ್ ಮಾಡಬೇಕು. ಇದು ಇಲ್ಲಿಯ ಧರ್ಮ. ಧರ್ಮವಿರುವಲ್ಲಿ ಅದನ್ನು ಒರೆಸುವ ಕೈಗಳೂ ಇರುತ್ತವೆ. ಹೆಸರು ಅಳಿಸಿ ಮೇಲೊಂದು ಚೆಂದದ ಚಿತ್ರ ಬರೆಸಿಬಿಟ್ಟರೆ, ಕಳೆದುಕೊಂಡವನ ಎದುರಿಗೇ ಅದನ್ನು ಎಸೆಯಬಹುದು. ಹಾಗಾಗಿ ಚಿತ್ರ ಬರೆಯುವವರ ಮೇಲೆ ಊರಿಗೆ ಒಂದು ಕಣ್ಣು. ಊರಿನ ಮೇಲೆ ಐಲಾ ಅವರಿಗೂ ಒಂದು ಕಣ್ಣು.

ಹಳದಿ ಡಿಸ್ಕಿನ ಬೆನ್ನು ಶುದ್ಧವಾಗಿದೆ. ಆಮೇಲಷ್ಟೇ ಕಂಕುಳಿಂದ ಮೊದಲ ಮಾರ್ಕರು ಹೊರಬರುತ್ತದೆ. ತಿಳಿಬಣ್ಣ ಮೊದಲು, ಕಪ್ಪು ಕಟ್ಟಕಡೆಗೆ. ಕಪ್ಪು ಮೊದಲೇ ಬಿದ್ದರೆ ಉಳಿದೆಲ್ಲ ಮಾರ್ಕರುಗಳ ತುದಿ ಕೆಡುತ್ತದೆ. ಅಂಗೈ ತಾಗಿ ಬಣ್ಣ ಕದಡದಂತೆ ನಡುವಿನಿಂದ ಅಂಚಿಗೆ ಸಾಗುವ ಕೆಲಸ. ಪೈಂಟು ಬಳಿಯುವಂತಿಲ್ಲ. ಅದು ದಪ್ಪ ಕಟ್ಟಿ ಹಾರಾಟವನ್ನು ಕೆಡಿಸುತ್ತದೆಂದು ಪಂದ್ಯಗಳಲ್ಲಿ ಒಪ್ಪುವುದಿಲ್ಲ. ಮಾರ್ಕರಿನ ಶಾಯಿಗೆ ತೂಕವಿಲ್ಲ.

ದುಂಡು ವಸ್ತುವಿನ ಮೇಲೆ ಬರೆಯುವುದು ಐಲಾ ಅವರಿಗೆ ಹೊಸದಲ್ಲ. ಪೇಟೆಯ ದಿನಸಿ ಅಂಗಡಿಯ ಬೇಕರಿಯಲ್ಲಿ ಅವರು ಹರೆಯದಿಂದ ಕೇಕುಗಳ ಮೇಲೆ ಹೂಬಳ್ಳಿ ಬರೆದವರು. ಈ ಊರಿನಲ್ಲಿ ಮದುವೆಯಾದವರಲ್ಲಿ ಅರ್ಧದಷ್ಟು ಜನ ಅವರ ಗುಲಾಬಿಗಳನ್ನು ಕತ್ತರಿಸಿ ತಿಂದವರೇ. ಆಮೇಲೆ ಅಂಗಡಿಯವರು ಹಿಮಗಟ್ಟಿದ ಕೇಕುಗಳನ್ನು ಹೊರಗಿನಿಂದ ತರಿಸತೊಡಗಿದರು. ಬೇಕರಿಯ ಒಲೆ ಆರಿತು, ಕೆಲಸವೂ ಹೋಯಿತು. ಬಲ ಮಣಿಕಟ್ಟಿನ ನೋವು ಮಾತ್ರ ಅವರ ಜೊತೆ ಮನೆಗೆ ಬಂತು. ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಖರ್ಚಿಗೆ ಈಗ ಈ ಡಿಸ್ಕುಗಳೇ ಆಧಾರ.

"ಕೇಕ್ ತಿಂದ್ರೆ ಚಿತ್ರ ಹೋಯ್ತು. ಡಿಸ್ಕ್ ಮರಕ್ಕೆ ಬಡಿದ್ರೆ ಚಿತ್ರ ಹೋಯ್ತು," ಎಂದು ನಗುತ್ತಾರೆ. "ನಾನು ಬರೆದಿದ್ದು ಯಾವುದೂ ಉಳಿಯಲ್ಲ. ಬೇರೆಯವರು ಬರೆದಿದ್ದು ಒರೆಸಿದ್ರೂ ಹೋಗಲ್ಲ. ನನ್ನ ಹಣೆಬರಹ ನೋಡಿ."

ಆ ನಗೆಯ ಹಿಂದೆ ಈ ವಸಂತದ ಕಹಿಯಿದೆ.

ಕೊಳದ ಮಂಜುಗಡ್ಡೆ ಕರಗಿದ ವಾರ, ಊರಿನ ಅಂಚೆಯಣ್ಣ ಗಸ್ ಬ್ರೂನೆಲ್ ಉದ್ದನೆಯ ಕುಂಟೆ ಹಾಕಿ ಕೆಸರಿನಿಂದ ಒಂದು ಕೆಂಪು ಡಿಸ್ಕನ್ನು ಮೇಲೆತ್ತಿದರು. ಅದನ್ನು ಐಲಾ ಅವರ ಮೇಜಿಗೆ ತಂದು, ಬೂದು ಬಕವೊಂದನ್ನು ಬರೆಯಿರಿ ಎಂದರು. ಬೆನ್ನಿನಲ್ಲಿ ಕ್ಲಬ್ಬಿನ ಅಧ್ಯಕ್ಷ ಡ್ವೇನ್ ಪೆಲ್ಟೊ ಅವರ ಹೆಸರೂ ನಂಬರೂ ಸ್ಪಷ್ಟವಾಗಿದ್ದವು. ಐಲಾ ಆ ನಂಬರಿಗೆ ಫೋನ್ ಮಾಡಿದರು. ಬಳಿಕ ಗಸ್‌ಗೆ "ಇಟ್ಕೋಬೇಕಂತೆ" ಎಂದಷ್ಟೇ ಹೇಳಿ, ಹೆಸರನ್ನು ತಮ್ಮ ಕೈಯಾರೆ ಒರೆಸಿ, ಬಕವನ್ನು ಬರೆದುಕೊಟ್ಟರು.

ಮೇ ತಿಂಗಳ ಒಂದು ಇಳಿಹೊತ್ತು ಗಸ್ ಅವರ ಕೈಯಲ್ಲಿ ಆ ಬಕವನ್ನು ಡ್ವೇನ್ ಕಂಡರು. ಒಂಟಿಕಾಲಲ್ಲಿ ಧ್ಯಾನಕ್ಕೆ ನಿಂತ ಬಕವನ್ನು ಯಾರು ತಾನೇ ನಂಬಿಯಾರು? ಕೇಳಿ ಪಡೆದು, ಮಗುಚಿ, ಸಂಜೆ ಬಿಸಿಲಿಗೆ ಓರೆ ಹಿಡಿದರು. ತಮ್ಮದೇ ಹೆಸರು ಮಸುಕಾಗಿ ತಮ್ಮನ್ನೇ ನೋಡುತ್ತಿತ್ತು.

ಅವರು ನೇರವಾಗಿ ಐಲಾ ಅವರ ಮೇಜಿಗೆ ನಡೆದರು. "ಇದನ್ನ ಒರೆಸಿದ್ದು ಯಾರು?"

"ನಾನೇ. ಫೋನ್ ಮಾಡಿ ಕೇಳಿ ಒರೆಸಿದ್ದು."

"ನನಗೆ ಯಾವ ಫೋನೂ ಬಂದಿಲ್ಲ."

ಐಲಾ ಮುಂದಿನ ಡಿಸ್ಕನ್ನು ಕೈಗೆತ್ತಿಕೊಂಡರು. ಆ ಮೌನವೇ ಸಾಕ್ಷಿಯಾಯಿತು. ಜೂನ್ ಕೊನೆಯ ಪಂದ್ಯಕ್ಕೆ ಎಲ್ಲೆಲ್ಲಿಂದಲೋ ಆಟಗಾರರು ಬರುತ್ತಾರೆ; ಐಲಾ ಅವರ ಇಡೀ ವರ್ಷದ ಕೆಲಸ ಬಹುಪಾಲು ಆ ಪಂದ್ಯದ ಎರಡು ದಿನಗಳಲ್ಲೇ ಸಿಗುವುದು. ಈ ವಿಷಯ ಇತ್ಯರ್ಥವಾಗುವವರೆಗೆ ಅವರಿಗೆ ಅಲ್ಲಿ ಮೇಜು ಕೊಡಕೂಡದೆಂದು ಡ್ವೇನ್ ಸೂಚಿಸಿದರು. ಯಾರೂ ಬೇಡವೆನ್ನಲಿಲ್ಲ.

ಅಂದಿನಿಂದ ಮೈದಾನದಲ್ಲಿ ಹೊಸದೊಂದು ಆಟ ಶುರುವಾಯಿತು. ಎದುರಾದವರ ಡಿಸ್ಕನ್ನು ಹೊಗಳುವ ನೆಪದಲ್ಲಿ ಕೈಗೆ ತೆಗೆದುಕೊಂಡು ಬೆನ್ನು ನೋಡುವುದು. ಬರೆಸಲು ಕೊಟ್ಟಿದ್ದ ಕೆಲವರು ಬರೆಯುವ ಮೊದಲೇ ವಾಪಸು ಒಯ್ದರು. ದಿನಸಿ ಅಂಗಡಿಯ ಸಾಲಿನಲ್ಲಿ ಹಿಂದೆ ನಿಂತವನೊಬ್ಬ ಕೇಳಿದ: "ಇವತ್ತು ಯಾರ ಹೆಸರು ಒರೆಸಿದೆ, ಐಲಾ?"

"ನಿಂದಂತೂ ಅಲ್ಲಪ್ಪ," ಎಂದರು ಇವರು. "ನಿನ್ನ ಅಕ್ಷರ ಓದೋಕೆ ಆದ್ರೆ ತಾನೆ ನಿಂದು ಅಂತ ಗೊತ್ತಾಗೋದು."

ಮಾತಿಗೆ ಮಾತು ಸರಿ. ಆದರೂ ಆ ದಿನಗಳಲ್ಲಿ ಅವರು ಬೆಳಗಿನ ಮೇಜಿಗೆ ಬಂದು, ಬರೆಯಲು ಏನೂ ಇಲ್ಲದೆ, ಕಾಫಿ ಕುಡಿದು ಹಿಂದಿರುಗಿದ್ದುಂಟು.

ಜೂನ್ ಮೊದಲ ಭಾನುವಾರ ಮೈದಾನದ ಚಪ್ಪರದಡಿ ಕ್ಲಬ್ಬಿನ ಸಭೆ ಸೇರಿತು. ಡ್ವೇನ್ ಕೆಂಪು ಡಿಸ್ಕನ್ನು ಎತ್ತಿ ಹಿಡಿದು ಮಾತಿಗೆ ನಿಂತರು. ಅವರ ಹೆಂಡತಿ ಲೋರೆಟ್ಟಾ, ತಾವು ಮಾಡಿ ತಂದ ರೂಬಾರ್ಬ್ ಎಂಬ ಹುಳಿದಂಟಿನ ಕೇಕನ್ನು ಪಕ್ಕದ ಮೇಜಿನಲ್ಲಿ ಕತ್ತರಿಸುತ್ತಿದ್ದರು. ಐಲಾ ಕೊನೆಯ ಬೆಂಚಿನಲ್ಲಿದ್ದರು. ಗಸ್ ಎದ್ದು, "ಐಲಾ ಫೋನ್ ಮಾಡಿದ್ದು ನಿಜಾನೇ ಇರ್ಬೇಕು ಡ್ವೇನ್, ಅವಳು ಸುಳ್ಳು ಹೇಳೋಳಲ್ಲ" ಎಂದರು. "ಹಾಗಾದ್ರೆ ಎತ್ತಿದ್ದು ಯಾರು, ದೆವ್ವಾನಾ?" ಎಂದರು ಡ್ವೇನ್.

ಕತ್ತರಿಸುವ ಚಾಕು ನಿಂತಿತು.

"ನಾನು," ಎಂದರು ಲೋರೆಟ್ಟಾ.

"ಯಾವ ಫೋನು?"

"ಅಡುಗೆಮನೆ ಗೋಡೆ ಫೋನು. ಡಿಸ್ಕ್ ಡಿಸ್ಕಿಗೂ ಮನೆ ನಂಬರ್ ಬರೀತೀಯ, ಎತ್ತೋಳು ನಾನು. ಇಟ್ಕೊಳ್ಳಲಿ ಬಿಡು ಅಂದೆ. ನಾನಂದೆ ಅಂತ ಡ್ವೇನ್‌ಗೆ ಹೇಳಬೇಡ ಕಣೇ ಅಂತಾನೂ ಅಂದೆ."

"ನನ್ನ ಡಿಸ್ಕ್ ಕೊಡೋಕೆ ನೀನ್ಯಾರು?"

"ನೆಲಮಾಳಿಗೆಗೆ ಇಳಿದು ನೋಡು. ಬಟ್ಟೆ ಒಗೆಯೋ ಮಿಷನ್ ಹತ್ರ ಹೋಗೋಕೆ ನಿನ್ನ ಡಿಸ್ಕ್ ರಾಶಿ ಹತ್ತಿ ಇಳೀಬೇಕು ನಾನು. ಒಂದು ಕಮ್ಮಿಯಾದ್ರೆ ಮನೆ ಬೀಳಲ್ಲ ಅಂದ್ಕೊಂಡೆ."

ಚಪ್ಪರವೆಲ್ಲ ನಕ್ಕಿತು. ಡ್ವೇನ್ ನಗಲಿಲ್ಲ. ಹೆಂಡತಿಯ ಕಡೆ ತಿರುಗಿ, ತಗ್ಗಿದ ದನಿಯಲ್ಲಿ ಕೇಳಿದರು: "ಒಂದೇನಾ?"

ಲೋರೆಟ್ಟಾ ಗಂಡನ ಮುಂದೆ ಕೇಕಿನ ತುಂಡೊಂದನ್ನು ಇಟ್ಟರು. "ತಿನ್ನು."

ಐಲಾ ಅವರಿಗೆ ಪಂದ್ಯದ ಮೇಜು ಮರಳಿ ಸಿಕ್ಕಿತು. ಕ್ಷಮೆ ಯಾರೂ ಕೇಳಲಿಲ್ಲ. ಅನುಮಾನಕ್ಕೂ ಆ ಶಾಯಿಯದೇ ಗುಣ. ಒರೆಸಿದ ಮೇಲೂ ಓರೆ ಬೆಳಕಿನಲ್ಲಿ ಕಾಣುತ್ತಲೇ ಇರುತ್ತದೆ. ಮೇಜಿನ ಬಳಿ ಬರುವವರು ಈಗಲೂ ಒಣಗಲಿಟ್ಟ ಡಿಸ್ಕುಗಳನ್ನು ಸುಮ್ಮನೆ ಮುಟ್ಟುವವರಂತೆ ಮಗುಚಿ ನೋಡುತ್ತಾರೆ.

ಸಭೆಯವರೆಗೆ ಏಕೆ ಬಾಯಿ ಬಿಡಲಿಲ್ಲ? ಈ ಪ್ರಶ್ನೆಗೆ ಐಲಾ ಬಕದ ಕಾಲಿನಷ್ಟು ಸಪೂರವಾದ ಗೆರೆಯೊಂದನ್ನು ಎಳೆದು ಮುಗಿಸಿದ ಮೇಲೆ ಉತ್ತರಿಸುತ್ತಾರೆ. "ಒಬ್ಬರು ಗುಟ್ಟು ಹೇಳಿದ್ರೆ ಅದು ಅವರ ಡಿಸ್ಕ್ ಇದ್ದ ಹಾಗೆ. ಅವರ ಹೆಸರಿರುತ್ತೆ ಅದರ ಮೇಲೆ. ನಾನು ಹೇಗೆ ಎಸೀಲಿ?" ಆಮೇಲೆ ಸೇರಿಸುತ್ತಾರೆ: "ಆದ್ರೆ ತಪ್ಪು ನಂದೂ ಇತ್ತು. ಫೋನ್ ಎತ್ತಿದೋರೇ ಬರೆದೋರು ಅಂತ ನಂಬಿಬಿಟ್ಟೆ. ಈಗ ಹಾಗೆ ನಂಬಲ್ಲ."

ಮಾತಿನ ನಡುವೆ ಒಂದು ಪಿಕಪ್ ಬಂದು ನಿಲ್ಲುತ್ತದೆ. ಇಳಿದವರು ಡ್ವೇನ್ ಪೆಲ್ಟೊ. ಸಭೆಯಾದ ಮೇಲೆ ಅವರು ಈ ಮೇಜಿಗೆ ಬರುತ್ತಿರುವುದು ಇದೇ ಮೊದಲು. ಕೈಯಲ್ಲೊಂದು ಹಸಿರು ಡಿಸ್ಕ್.

"ಕರಡಿ ಬರಿ," ಎನ್ನುತ್ತಾರೆ, ಕೊಳದ ಕಡೆ ನೋಡುತ್ತ. "ಹಲ್ಲು ಕಾಣ್ಬೇಕು."

ಐಲಾ ಮಗುಚುತ್ತಾರೆ, ಓರೆ ಹಿಡಿಯುತ್ತಾರೆ, ತಿರುಗಿಸುತ್ತಾರೆ. ಕೈ ನಿಲ್ಲುತ್ತದೆ.

"ಎಲ್ಲಿಂದ ಬಂತು ಇದು, ಡ್ವೇನ್?"

"ಯಾರೋ ಮನೆ ಮುಂದೆ ಹಳೇ ಸಾಮಾನು ಮಾರ್ತಿದ್ರು, ತಗೊಂಡೆ. ಯಾಕೆ?"

ಐಲಾ ಡಿಸ್ಕನ್ನು ಅವರತ್ತ ಚಾಚುತ್ತಾರೆ. ಡ್ವೇನ್ ಬಾಗಿ ನೋಡುತ್ತಾರೆ. ಹೆಸರು ಪೂರ್ತಿ ಹೋಗಿದೆ. ಬಿಸಿಲಿನಲ್ಲಿ ಒಂದು ಫೋನ್ ನಂಬರಿನ ನೆರಳು ಮಾತ್ರ ತೇಲುತ್ತಿದೆ. ಅವರ ಕಿವಿ ಕೆಂಪೇರುತ್ತದೆ.

"ನಾನು ಒರೆಸಿದ್ದಲ್ಲ."

"ನಾನು ಹಾಗಂದ್ನಾ?"

"ನಿನ್ನ ಮುಖ ಅಂತು."

"ನನ್ನ ಮುಖ ಇರೋದೇ ಹಾಗೆ. ಕೂತ್ಕೋ. ಕಡೇ ಅಂಕಿ ಮೂರೋ ಎಂಟೋ ಗೊತ್ತಾಗ್ತಿಲ್ಲ, ಎರಡಕ್ಕೂ ಮಾಡಿ ನೋಡ್ತೀನಿ. ಜನ ಏಳ್ಲಿ."

ಡ್ವೇನ್ ಕೂರುತ್ತಾರೆ. ಐಲಾ ತಮ್ಮ ಕಾಫಿ ಫ್ಲಾಸ್ಕಿನ ಮುಚ್ಚಳದಲ್ಲಿ ಅವರಿಗೂ ಒಂದಿಷ್ಟು ಸುರಿಯುತ್ತಾರೆ. ಪಂದ್ಯದ ದಿನ ಮೇಜು ಎಲ್ಲಿ ಹಾಕಲಿ ಎಂದು ಅಧ್ಯಕ್ಷರು ಕೇಳುತ್ತಾರೆ. ಡೇರೆಯೊಳಗೆ ನೆರಳಿದೆ, ಜನರೂ ಹೆಚ್ಚು ಬರುತ್ತಾರೆ. "ಡೇರೆ ಬೇಡ," ಎನ್ನುತ್ತಾರೆ ಐಲಾ. "ಇಲ್ಲೇ ಇರ್ಲಿ, ಪೂರ್ವಕ್ಕೆ ಮುಖ ಮಾಡಿ. ನಂಗೆ ಅಷ್ಟೇ ಸಾಕು."

ಗಸ್ ಅವರ ಅಂಚೆ ಗಾಡಿ ರಸ್ತೆಯಲ್ಲಿ ಹಾದುಹೋಗುತ್ತದೆ, ಊರು ಎದ್ದಿದೆಯೆಂದರ್ಥ. ಮಾರ್ಕರುಗಳು ಮತ್ತೆ ಕಂಕುಳು ಸೇರಿವೆ. ಐಲಾ ಹಸಿರು ಡಿಸ್ಕನ್ನು ಬಿಸಿಲಿಗೆ ಹಿಡಿದು, ಒಂದೊಂದೇ ಅಂಕಿಯನ್ನು ಒತ್ತುತ್ತಾರೆ. ಅತ್ತಲಿಂದ ಯಾರೋ ಎತ್ತುತ್ತಾರೆ. ಡ್ವೇನ್ ಮುಚ್ಚಳವನ್ನು ಮೇಜಿಗಿಡುತ್ತಾರೆ.

"ನಮಸ್ಕಾರ," ಎನ್ನುತ್ತಾರೆ ಐಲಾ. "ಡಿಸ್ಕ್ ಬೆನ್ನ ಮೇಲೆ ಈ ನಂಬರ್ ಬರೆದವರೇ ಮಾತಾಡ್ತಿರೋದಾ, ಅಥವಾ ಮನೆಯವರಾ?"